ಹಾಸನದಿಂದ ಸರ್ಕಾರಿ ಬಸ್ಸಿನಲ್ಲಿ ಬೇಲೂರು–ಹಳೇಬೀಡು: ಕಡಿಮೆ ಖರ್ಚಿನ ದಾರಿ ಹೇಗಿದೆ?

ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ತೋರಿಸಿಕೊಂಡು ಬರುತ್ತೇವೆ ಎನ್ನುವ ಕಾರಿನ ಪ್ಯಾಕೇಜುಗಳಿಗೆ ಹಾಸನದಲ್ಲಿ ಬರವಿಲ್ಲ. ಅದಕ್ಕೆ ಸಾವಿರಗಟ್ಟಲೆ ಕೊಟ್ಟವರಿಗೆ ಒಂದೊಂದು ಕಡೆ ಸಿಗುವುದು ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಅದೇ ಜಾಗಗಳಿಗೆ ಸರ್ಕಾರಿ ಕೆಂಪು ಬಸ್ಸು ಹೋಗುತ್ತದೆ. ಬಸ್ಸಿನಲ್ಲಿ ಹೋದರೆ ಒಂದು ದಿನಕ್ಕೆ ಎರಡೇ ಊರು ಆಗುತ್ತವೆ ನಿಜ. ಆದರೆ ಆ ಎರಡನ್ನು ನೋಡಬೇಕಾದ ಹೊತ್ತಿನಲ್ಲಿ, ನೋಡಬೇಕಾದಷ್ಟು ಹೊತ್ತು ನೋಡಬಹುದು. ದುಡ್ಡು ಉಳಿಯುವುದು ಆಮೇಲಿನ ಮಾತು. ಗಟ್ಟಿ ಕಾಲಿದ್ದವರಿಗೆ ಕಾರಿಗಿಂತ ಬಸ್ಸೇ ಮೇಲು ಎಂಬುದು ಈ ವಿಮರ್ಶೆಯ ಅಭಿಪ್ರಾಯ. ಎಲ್ಲೆಲ್ಲಿ ಎಡವಟ್ಟಾಗುತ್ತದೆ ಎಂಬುದನ್ನೂ ಮುಂದೆ ಹೇಳಿದೆ.

ದಾರಿ ತ್ರಿಕೋನದ ಹಾಗಿದೆ. ಹಾಸನದಿಂದ ಬೇಲೂರಿಗೆ ಸುಮಾರು 40 ಕಿ.ಮೀ., ಬೇಲೂರಿನಿಂದ ಹಳೇಬೀಡಿಗೆ 16 ಕಿ.ಮೀ., ಹಳೇಬೀಡಿನಿಂದ ಹಾಸನಕ್ಕೆ ಸುಮಾರು 30 ಕಿ.ಮೀ. ಹೋದ ದಾರಿಯಲ್ಲೇ ವಾಪಸ್ ಬರಬೇಕಾಗಿಲ್ಲ, ಸುತ್ತು ಹಾಕಿಕೊಂಡು ಬರಬಹುದು. ಬೆಳಿಗ್ಗೆ ಬೇಲೂರು, ಮಧ್ಯಾಹ್ನದ ಮೇಲೆ ಹಳೇಬೀಡು, ಅಲ್ಲಿಂದ ನೇರ ಹಾಸನ. ಈ ಕ್ರಮವನ್ನು ತಿರುಗುಮುರುಗು ಮಾಡಬೇಡಿ. ಎರಡೂ ದೇವಸ್ಥಾನ ಪೂರ್ವಕ್ಕೆ ಮುಖ ಮಾಡಿವೆ. ಬೇಲೂರಿನ ಮದನಿಕೆಯರು ಚಾಚಿದ ಸೂರಿನ ಕೆಳಗೆ ನಿಂತಿದ್ದಾರೆ, ಸೂರ್ಯ ನೆತ್ತಿಗೆ ಬಂದರೆ ಅವರ ಮೇಲೆ ನೆರಳು ಬಿದ್ದು ಮುಖವೇ ಕಾಣುವುದಿಲ್ಲ. ಬೆಳಗಿನ ಓರೆ ಬಿಸಿಲು ಮಾತ್ರ ಸೂರಿನ ಒಳಗೆ ನುಗ್ಗುತ್ತದೆ. ಹಳೇಬೀಡಿನಲ್ಲಿ ಪೂರ್ವದ ಕಡೆ ಎರಡು ದೊಡ್ಡ ನಂದಿ ಮಂಟಪಗಳು ಅಡ್ಡ ನಿಂತಿವೆ, ಒಳ್ಳೊಳ್ಳೆಯ ಶಿಲ್ಪಗಳಿರುವ ಉದ್ದನೆಯ ಗೋಡೆ ಹಿಂಭಾಗದಲ್ಲಿ, ಪಶ್ಚಿಮಕ್ಕಿದೆ. ಅದಕ್ಕೆ ಮೂರು ಗಂಟೆಯ ನಂತರದ ಬಿಸಿಲೇ ಬೇಕು. ಹಳೇಬೀಡು ಹಾಸನಕ್ಕೆ ಹತ್ತಿರ ಎಂದು ಮೊದಲು ಅಲ್ಲಿಗೆ ಹೋದವರಿಗೆ ಎರಡೂ ಕಡೆ ಬೆಳಕು ಕೈಕೊಡುತ್ತದೆ.

ಈಗ ಬಸ್ಸಿನ ವಿಷಯ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬೇಲೂರಿನ ಬೋರ್ಡೇ ಬರಲಿ ಎಂದು ಕಾಯಬೇಕಿಲ್ಲ. ಚಿಕ್ಕಮಗಳೂರಿನ ಬಸ್ಸುಗಳು ಬೇಲೂರಿನ ಮೇಲೇ ಹೋಗುತ್ತವೆ, ಅವುಗಳಲ್ಲಿ ಯಾವುದಾದರೂ ಆದೀತು. ಹತ್ತುವ ಮುಂಚೆ ಕಂಡಕ್ಟರನ್ನು ಒಂದು ಮಾತು ಕೇಳಿ, ಯಾಕೆಂದರೆ ಬೆಂಗಳೂರಿನಿಂದ ಬರುವ ದೂರದ ಬಸ್ಸುಗಳಲ್ಲಿ ಕೆಲವು ರಾಜಹಂಸದಂಥ ಬೇರೆ ದರ್ಜೆಯವು, ಟಿಕೆಟ್ ಜಾಸ್ತಿ. ಪ್ರಯಾಣ ಒಂದು ಗಂಟೆಯ ಆಸುಪಾಸು. ಏಳು ಗಂಟೆಯ ಒಳಗಿನ ಬಸ್ಸು ಹಿಡಿದರೆ ಸೀಟು ಸಿಗುತ್ತದೆ, ಎಂಟು ದಾಟಿದರೆ ಶಾಲೆ ಕಾಲೇಜಿನ ಮಕ್ಕಳು, ಆಫೀಸಿಗೆ ಹೋಗುವವರು ತುಂಬಿಕೊಳ್ಳುತ್ತಾರೆ. ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿಯುವ ಪದ್ಧತಿ ಇಲ್ಲಿ ಇನ್ನೂ ಇದೆ. ಹೊರಗಿನಿಂದ ಬಂದವರು ಅದಕ್ಕೆ ಬೇಸರ ಮಾಡಿಕೊಳ್ಳದೆ ಬಸ್ಸು ಪ್ಲಾಟ್‌ಫಾರ್ಮಿಗೆ ಬರುವ ಮುಂಚೆಯೇ ಅಲ್ಲಿ ನಿಂತಿದ್ದರೆ ಸಾಕು. ಚಿಲ್ಲರೆ ಇಟ್ಟುಕೊಳ್ಳಿ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಐನೂರರ ನೋಟು ಕೊಟ್ಟರೆ ಟಿಕೆಟಿನ ಹಿಂದೆ ಬಾಕಿ ಬರೆಸಿಕೊಂಡು ಇಳಿಯುವಾಗ ಕೇಳಬೇಕಾಗುತ್ತದೆ, ಇಳಿಯುವ ಗಡಿಬಿಡಿಯಲ್ಲಿ ಅದು ಮರೆತೂ ಹೋಗುತ್ತದೆ.

ಕರ್ನಾಟಕದ ಹೆಣ್ಣುಮಕ್ಕಳಿಗೆ ಈ ಮೂರೂ ಬಸ್ಸು ಉಚಿತ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಿಗೆ ಅನ್ವಯಿಸುತ್ತದೆ, ರಾಜಹಂಸ, ಐರಾವತಗಳಿಗೆ ಇಲ್ಲ. ರಾಜ್ಯದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಳ್ಳಬೇಕು. ಉಚಿತ ತಾನೇ ಎಂದು ಆ ಚೀಟಿಯನ್ನು ಬಿಸಾಡಬೇಡಿ. ತನಿಖೆಯವರು ದಾರಿಯಲ್ಲಿ ಹತ್ತಿದರೆ ಅದೂ ಟಿಕೆಟ್ಟೇ, ಇಳಿಯುವವರೆಗೆ ಕೈಯಲ್ಲಿರಬೇಕು. ಗಂಡಸರಿಗೆ ಮೂರು ಬಸ್ಸಿನ ಟಿಕೆಟ್ ಸೇರಿಸಿದರೂ ಇನ್ನೂರು ರೂಪಾಯಿ ದಾಟುವುದಿಲ್ಲ. ಬೇರೆ ರಾಜ್ಯದ ನೆಂಟರು ಜೊತೆಗಿದ್ದರೆ ಅವರಿಗೂ ಅಷ್ಟೇ ಲೆಕ್ಕ ಹಾಕಿಕೊಳ್ಳಿ.

ಬೇಲೂರು ಬಸ್ ಸ್ಟ್ಯಾಂಡಿನಿಂದ ಚೆನ್ನಕೇಶವ ದೇವಸ್ಥಾನಕ್ಕೆ ನಡೆದೇ ಹೋಗಬಹುದು, ಹತ್ತು ನಿಮಿಷದ ದಾರಿ, ಆಟೋ ಬೇಡ. ಶೌಚಾಲಯದ ಕೆಲಸ ಬಸ್ ಸ್ಟ್ಯಾಂಡಿನಲ್ಲೇ ಮುಗಿಸಿಕೊಳ್ಳಿ. ದೇವಸ್ಥಾನಕ್ಕೆ ಪ್ರವೇಶ ಶುಲ್ಕ ಇಲ್ಲ. ಚಪ್ಪಲಿ ಹೊರಗೆ ಬಿಡಬೇಕು. ಇಲ್ಲೇ ಬಹಳ ಜನ ಸೋಲುವುದು. ಅಂಗಳಕ್ಕೆ ಪೂರ್ತಿ ಕಲ್ಲು ಹಾಸಿದೆ, ದೇವಸ್ಥಾನ ನಿಂತಿರುವ ನಕ್ಷತ್ರಾಕಾರದ ಜಗತಿಯೂ ಕಲ್ಲೇ. ಹನ್ನೊಂದೂವರೆ ಆದಮೇಲೆ ಬರಿಗಾಲು ಊರುವುದಕ್ಕಾಗುವುದಿಲ್ಲ. ಜನ ನೆರಳಿನಿಂದ ನೆರಳಿಗೆ ಓಡುತ್ತಾರೆಯೇ ಹೊರತು ಶಿಲ್ಪ ನೋಡುವುದಿಲ್ಲ. ಒಂದು ಜೊತೆ ದಪ್ಪನೆಯ ಹತ್ತಿಯ ಕಾಲುಚೀಲ ತಂದರೆ ಈ ತೊಂದರೆ ಮುಗಿಯಿತು. ನೈಲಾನಿನದು ಬೇಡ, ನುಣ್ಣನೆಯ ಕಲ್ಲಿನ ಮೇಲೆ ಜಾರುತ್ತದೆ. ಮಳೆಗಾಲದಲ್ಲಿ ಕಾಲುಚೀಲವೇ ಬೇಡ, ಒದ್ದೆ ಕಲ್ಲಿಗೆ ಬರಿಗಾಲೇ ಹಿಡಿತ.

ಗೈಡ್ ಬೇಕೇ? ಬೇಲೂರಿನಲ್ಲಿ ಬೇಕು, ಹಳೇಬೀಡಿನಲ್ಲಿ ಇಲ್ಲದಿದ್ದರೂ ನಡೆಯುತ್ತದೆ. ಬ್ಯಾಡ್ಜ್ ಇರುವ ಅಧಿಕೃತ ಗೈಡುಗಳು ಬಾಗಿಲಲ್ಲೇ ಸಿಗುತ್ತಾರೆ. ದರ ಒಂದು ತಂಡಕ್ಕೆ ಇಷ್ಟು ಎಂದು ಇರುವುದರಿಂದ ಒಬ್ಬಿಬ್ಬರೇ ಬಂದಿದ್ದರೆ ಇನ್ನೊಂದು ಕುಟುಂಬವನ್ನು ಸೇರಿಸಿಕೊಂಡು ಹಂಚಿಕೊಳ್ಳಿ, ಯಾರೂ ಬೇಡ ಎನ್ನುವುದಿಲ್ಲ. ಕನ್ನಡದಲ್ಲೇ ಹೇಳಬೇಕು, ಒಳಗಿನ ನವರಂಗವನ್ನೂ (ಗರ್ಭಗುಡಿಯ ಮುಂದಿನ ಕಂಬಗಳ ಮಂಟಪ) ತೋರಿಸಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ರಜಾದಿನ ಜನ ಜಾಸ್ತಿ ಇದ್ದಾಗ ಹೊರಗಿನ ಸುತ್ತು ಮುಗಿಸಿ ಬಿಟ್ಟುಬಿಡುವುದೂ ಉಂಟು. ಗೈಡಿನ ಜೊತೆ ಮುಕ್ಕಾಲು ಗಂಟೆ ಸುತ್ತಿದ ಮೇಲೆ ಹೊರಟುಬಿಡಬೇಡಿ. ಅವರು ತೋರಿಸುವುದು ಹೆಸರಾದ ಹತ್ತಿಪ್ಪತ್ತು ಶಿಲ್ಪಗಳನ್ನು ಮಾತ್ರ. ಬಸ್ಸಿನಲ್ಲಿ ಬಂದವರಿಗೆ ಇರುವ ಅನುಕೂಲ ಅಲ್ಲಿಂದ ಶುರುವಾಗುತ್ತದೆ, ಹೊರಗೆ ಹಾರ್ನ್ ಹೊಡೆಯುವ ಡ್ರೈವರ್ ಇಲ್ಲ.

ಎರಡನೇ ಸುತ್ತನ್ನು ಒಬ್ಬರೇ ಹಾಕಿ, ಗೋಡೆಯನ್ನು ಬಲಕ್ಕಿಟ್ಟುಕೊಂಡು. ಪೂರ್ವದ ಮೆಟ್ಟಿಲ ಎರಡು ಪಕ್ಕದಲ್ಲಿ ಹುಲಿಯೊಡನೆ ಹೋರಾಡುವ ಸಳ ಇದ್ದಾನೆ, ಅಲ್ಲಿಂದ ಶುರುಮಾಡಿ. ಮೊದಲು ಕಣ್ಣು ಕೆಳಗಿನ ಆನೆಗಳ ಸಾಲಿನ ಮೇಲಿರಲಿ, ಆಮೇಲೆ ಕಿಟಕಿಯ ಜಾಲಂಧ್ರ, ಕೊನೆಗೆ ಸೂರಿನ ಕೆಳಗಿನ ಮದನಿಕೆಯರು. ಒಟ್ಟು 42 ಮದನಿಕೆಯರಲ್ಲಿ 38 ಹೊರಗಿದ್ದಾರೆ, ನಾಲ್ವರು ಒಳಗಿದ್ದಾರೆ. ದರ್ಪಣ ಸುಂದರಿಯ ಮುಂದೆ ಎಲ್ಲರೂ ಸೆಲ್ಫಿ ತೆಗೆಸಿಕೊಳ್ಳುತ್ತಾರೆ, ತೆಗೆಸಿಕೊಳ್ಳಲಿ. ಆದರೆ ಮದನಿಕೆಯರ ತಲೆಯ ಮೇಲಿನ ಬಳ್ಳಿಯ ಚಪ್ಪರವನ್ನೂ ನೋಡಿ. ಒಂದು ಚಪ್ಪರದಲ್ಲಿ ಹಣ್ಣಿನ ಮೇಲೆ ನೊಣವೊಂದು ಕೂತಿದೆ, ಅದನ್ನು ಹಿಡಿಯಲು ಹಲ್ಲಿ ಹೊಂಚುಹಾಕಿದೆ. ಇಡೀ ದೃಶ್ಯಕ್ಕೆ ಬೇಕಾದದ್ದು ಅಂಗೈಯಷ್ಟು ಜಾಗ. ಕೆಳಗೆ ನಿಂತವರಿಗೆ ಕಾಣುತ್ತದೋ ಇಲ್ಲವೋ ಎಂದು ಶಿಲ್ಪಿ ಯೋಚಿಸಿದ ಹಾಗಿಲ್ಲ. ಮನೆಯಲ್ಲಿ ಚಿಕ್ಕ ದುರ್ಬೀನು ಇದ್ದರೆ ತನ್ನಿ. ಇಲ್ಲದಿದ್ದರೆ ಮೊಬೈಲಿನಲ್ಲಿ ಜೂಮ್ ಮಾಡಿ ಫೋಟೊ ತೆಗೆದು ನೆರಳಿನಲ್ಲಿ ಕೂತು ನೋಡಿ.

ಕೆಲವು ವಿಗ್ರಹಗಳ ಪೀಠದಲ್ಲಿ ಹಳಗನ್ನಡ ಅಕ್ಷರಗಳಿವೆ, ಕೆತ್ತಿದವರ ಹೆಸರು. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಇಲ್ಲಿ ಕೆಲಸ ಮಾಡಿ ಹೆಸರು ಬಿಟ್ಟುಹೋಗಿದ್ದಾರೆ. ವಿಷ್ಣುವರ್ಧನ 1117ರಲ್ಲಿ ದೇವಸ್ಥಾನ ಪ್ರತಿಷ್ಠಾಪನೆ ಮಾಡಿಸಿದ ಎಂಬುದನ್ನು ಎಲ್ಲ ಗೈಡುಗಳೂ ಹೇಳುತ್ತಾರೆ. ಈ ತಂದೆ ಮಗನ ಹೆಸರನ್ನು ಕೇಳಿದರೆ ಮಾತ್ರ ತೋರಿಸುತ್ತಾರೆ. ಕೇಳಿ.

ಇಷ್ಟು ಸಣ್ಣ ಕೆತ್ತನೆ ಸಾಧ್ಯವಾದದ್ದು ಕಲ್ಲಿನಿಂದ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಆದರೂ ಗ್ರಾನೈಟಿನ ಹಾಗಲ್ಲ. ಕೈಯ ಜಿಡ್ಡು ತಾಗಿ ತಾಗಿ ಎದೆಯೆತ್ತರದ ಶಿಲ್ಪಗಳು ಕಪ್ಪಾಗಿ, ಮೂಗು ಕಣ್ಣು ಸವೆದಿರುವುದು ಬೇಲೂರಿನಲ್ಲೂ ಹಳೇಬೀಡಿನಲ್ಲೂ ಕಾಣುತ್ತದೆ. ದಯವಿಟ್ಟು ಮುಟ್ಟಬೇಡಿ. ಮಕ್ಕಳಿಗೆ ಬಸ್ಸಿನಲ್ಲೇ ಹೇಳಿ ಕರೆದುಕೊಂಡು ಬನ್ನಿ.

ಒಳಗೆ ನವರಂಗ ಕತ್ತಲು. ಬಿಸಿಲಿನಿಂದ ಸೀದಾ ಒಳಗೆ ಬಂದವರಿಗೆ ಎರಡು ನಿಮಿಷ ಏನೂ ಕಾಣುವುದಿಲ್ಲ, ಕಾಣುವುದಿಲ್ಲವೆಂದು ಹೊರಗೆ ಹೋಗಿಬಿಡುತ್ತಾರೆ. ಕಂಬಕ್ಕೆ ಅಡ್ಡ ಆಗದಂತೆ ಒಂದು ಮೂಲೆಯಲ್ಲಿ ನಿಂತು ಕಣ್ಣು ಹೊಂದಿಕೊಳ್ಳಲು ಬಿಡಿ. ನರಸಿಂಹ ಕಂಬ, ಮೋಹಿನಿ ಕಂಬ, ನಡುವಿನ ಛಾವಣಿಯ ಕೆತ್ತನೆ, ಅದರ ಕೆಳಗಿನ ನಾಲ್ಕು ಮದನಿಕೆಯರು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಇದು ಪೂಜೆ ನಡೆಯುವ ದೇವಸ್ಥಾನ, ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ಕೇಶವನ ದರ್ಶನ ಆಗಬೇಕಿದ್ದರೆ ಹನ್ನೆರಡರ ಒಳಗೆ ಮುಗಿಸಿಕೊಳ್ಳಿ.

ಅಂಗಳದಲ್ಲಿ ಶಾಂತಲೆ ಕಟ್ಟಿಸಿದ ಕಪ್ಪೆ ಚೆನ್ನಿಗರಾಯ, ವೀರನಾರಾಯಣ, ಸೌಮ್ಯನಾಯಕಿ, ಆಂಡಾಳ್ ಗುಡಿಗಳಿವೆ, ಅರ್ಧ ಗಂಟೆ ಸಾಕು. ಅಡಿಪಾಯವಿಲ್ಲದೆ ಬರೀ ಭಾರದಿಂದ ನಿಂತಿರುವ 42 ಅಡಿಯ ದೀಪದ ಕಂಬ ನೋಡಲು ಎರಡು ನಿಮಿಷ. ಎದುರಿನ ಗೋಪುರ ಹೊಯ್ಸಳರದ್ದಲ್ಲ, ಹಳೆಯ ಮಹಾದ್ವಾರ ಹಾಳಾದ ಮೇಲೆ 1397ರಲ್ಲಿ ವಿಜಯನಗರದ ಎರಡನೇ ಹರಿಹರನ ಅಧಿಕಾರಿ ಗುಂಡ ಕಟ್ಟಿಸಿದ್ದು.

ಊಟ ಬೇಲೂರಿನಲ್ಲೇ ಆಗಲಿ. ಬಸ್ ಸ್ಟ್ಯಾಂಡಿನ ಸುತ್ತಮುತ್ತ ಸಸ್ಯಾಹಾರಿ ಹೋಟೆಲುಗಳಿವೆ, ನೂರರ ಆಸುಪಾಸಿನಲ್ಲಿ ಊಟ ಆಗುತ್ತದೆ, ತಿಂಡಿಯಾದರೆ ಇನ್ನೂ ಕಡಿಮೆ. ಹಳೇಬೀಡಿನಲ್ಲಿ ಹೋಟೆಲುಗಳು ಕಡಿಮೆ, ಎರಡೂವರೆಯ ಮೇಲೆ ಹೋದರೆ ಅನ್ನ ಸಾರು ಮುಗಿದು ಬನ್ನು ಬಾಳೆಹಣ್ಣಿಗೆ ಬಂದು ನಿಲ್ಲುತ್ತದೆ. ಮನೆಯಿಂದ ಬುತ್ತಿ ತರುವವರು ಪುಳಿಯೋಗರೆ, ಚಪಾತಿಯಂಥ ಕೆಡದ್ದನ್ನು ತನ್ನಿ. ಬೇಲೂರಿನಲ್ಲೇ ಎಲ್ಲಾದರೂ ಕೂತು ತಿಂದು ಹೊರಡಿ, ಹಳೇಬೀಡಿನ ಹುಲ್ಲುಹಾಸಿನ ಮೇಲೆ ಗಂಟು ಬಿಚ್ಚಬೇಡಿ. ನೀರಿನ ಬಾಟಲಿ ತುಂಬಿಕೊಳ್ಳಲು ಮರೆಯಬೇಡಿ.

ಬೇಲೂರಿನಿಂದ ಹಳೇಬೀಡಿಗೆ ಅರ್ಧ ಗಂಟೆಯ ಪ್ರಯಾಣ. ಈಗ ಬಸ್ಸಿಲ್ಲ ಎಂಬ ಮಾತು ಯಾರಿಂದಲಾದರೂ ಕೇಳಿಬಂದರೆ ವಿಚಾರಣೆಯ ಕಿಟಕಿಯಲ್ಲಿ ಇನ್ನೊಮ್ಮೆ ಕೇಳಿ, ಆಮೇಲೆ ಆಟೋ ವಿಚಾರ ಮಾಡಿ. ಬಸ್ಸು ಹೊಯ್ಸಳೇಶ್ವರನ ಹತ್ತಿರವೇ ಇಳಿಸುತ್ತದೆ.

ಹೊಯ್ಸಳೇಶ್ವರ ದೇವಸ್ಥಾನದ ಕೆಲಸ ಶುರುವಾದದ್ದು 1121ರ ಹೊತ್ತಿಗೆ, ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನ ಮುಂದಾಳತ್ವದಲ್ಲಿ. ಹೊಯ್ಸಳೇಶ್ವರ, ಶಾಂತಲೇಶ್ವರ ಎಂದು ಅವಳಿ ಗುಡಿ. ಇಲ್ಲಿ ಗೈಡಿಗಿಂತ ಗೋಡೆ ಓದುವ ಕ್ರಮ ಗೊತ್ತಿದ್ದರೆ ಸಾಕು. ಕೆಳಗಿನಿಂದ ಮೇಲಕ್ಕೆ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಅದರ ಮೇಲೆ ದೊಡ್ಡ ದೇವತೆಗಳ ಸಾಲು. ಎಲ್ಲವನ್ನೂ ಒಟ್ಟಿಗೆ ನೋಡಲು ಹೋದರೆ ಹತ್ತು ನಿಮಿಷಕ್ಕೆ ತಲೆ ಚಿಟ್ಟು ಹಿಡಿಯುತ್ತದೆ. ಒಂದು ಸುತ್ತಿಗೆ ಒಂದೇ ಪಟ್ಟಿಯನ್ನು ಹಿಡಿಯಿರಿ. ಮೊದಲು ಆನೆಗಳು. ಒಂದು ಸೊಂಡಿಲು ಮಡಚಿದೆ, ಇನ್ನೊಂದು ಮುಂದಿನ ಆನೆಯ ಬಾಲಕ್ಕೆ ತಾಗಿಸಿದೆ, ಮತ್ತೊಂದು ತಲೆ ಓರೆ ಮಾಡಿದೆ. ಒಂದರಂತೆ ಒಂದಿಲ್ಲ ಎಂಬುದು ಮೂವತ್ತು ನಲವತ್ತು ಆನೆ ದಾಟುವಾಗ ತಾನಾಗಿ ಗೊತ್ತಾಗುತ್ತದೆ. ಮುಂದಿನ ಸುತ್ತಿನಲ್ಲಿ ಕಥೆಯ ಪಟ್ಟಿ. ಚಕ್ರವ್ಯೂಹವನ್ನು ಮೇಲಿನಿಂದ ನೋಡಿದ ಹಾಗೆ ಸುರುಳಿಯಾಗಿ ಕೆತ್ತಿ ಅಭಿಮನ್ಯುವನ್ನು ಒಳಗೆ ನಿಲ್ಲಿಸಿರುವ ಜಾಗವನ್ನು ಮಕ್ಕಳೇ ಹುಡುಕಲಿ. ಕೈಲಾಸ ಎತ್ತುವ ರಾವಣ ದೊಡ್ಡ ಶಿಲ್ಪಗಳ ಸಾಲಿನಲ್ಲಿದ್ದಾನೆ. ದಕ್ಷಿಣದ ಕಡೆ ವೀರಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮನ ಗರುಡಗಂಬ ಇದೆ, ಅರಸನ ಜೊತೆಗೇ ಪ್ರಾಣ ಬಿಡುವ ಪ್ರತಿಜ್ಞೆ ತೊಟ್ಟವರ ಗುರುತು. ಬಹುಪಾಲು ಜನ ಅದರ ಪಕ್ಕದಲ್ಲೇ ನಡೆದುಹೋಗುತ್ತಾರೆ, ನಿಂತು ನೋಡುವುದಿಲ್ಲ.

ಇಲ್ಲಿಗೆ ಮುಗಿಯಿತು ಎಂದು ವಾಪಸ್ ಬಸ್ಸು ಹತ್ತುವುದು ಹಳೇಬೀಡಿನಲ್ಲಿ ಆಗುವ ದೊಡ್ಡ ನಷ್ಟ. ಅರ್ಧ ಕಿ.ಮೀ. ಚಿಲ್ಲರೆ ನಡೆದರೆ ಬಸದಿಹಳ್ಳಿ. ಪಾರ್ಶ್ವನಾಥ, ಶಾಂತಿನಾಥ, ಆದಿನಾಥ ಬಸದಿಗಳು ಒಂದೇ ಆವರಣದಲ್ಲಿವೆ, ಟಿಕೆಟ್ಟಿಲ್ಲ, ಜನಜಂಗುಳಿ ಇಲ್ಲ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳನ್ನು ಎಷ್ಟು ನಯ ಮಾಡಿದ್ದಾರೆಂದರೆ ಎದುರು ನಿಂತವರ ನೆರಳು ಅದರಲ್ಲಿ ಕಾಣುತ್ತದೆ. ಒಳಗಿನ ಪಾರ್ಶ್ವನಾಥ ಸುಮಾರು 18 ಅಡಿ ಎತ್ತರ. ಹೊರಗಿನ ಗೋಡೆಗಳು ಬೋಳು. ಹೊಯ್ಸಳೇಶ್ವರನನ್ನು ನೋಡಿ ಬಂದ ಕಣ್ಣಿಗೆ ಅದೇ ಸಮಾಧಾನ. ಇನ್ನಷ್ಟು ಮುಂದೆ ಹೋದರೆ ಕೇದಾರೇಶ್ವರ, ಇಮ್ಮಡಿ ವೀರಬಲ್ಲಾಳ ಮತ್ತು ರಾಣಿ ಕೇತಲದೇವಿಯ ಕಾಲದ್ದು. ಕಾರಿನ ಪ್ಯಾಕೇಜುಗಳು ಈ ಎರಡನ್ನೂ ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಹೊಯ್ಸಳೇಶ್ವರನ ಆವರಣದ ಪುರಾತತ್ವ ಮ್ಯೂಸಿಯಂ ಶುಕ್ರವಾರ ರಜಾ. ಟಿಕೆಟ್ ಅತಿ ಕಡಿಮೆ. ಬಿಡಿ ವಿಗ್ರಹಗಳನ್ನು ಕಣ್ಣಿನ ಮಟ್ಟದಲ್ಲಿ, ಹತ್ತಿರದಿಂದ ನೋಡುವ ಅವಕಾಶ ಅಲ್ಲಿದೆ. ಟ್ರೈಪಾಡ್ ಇಟ್ಟು ಫೋಟೊ ತೆಗೆಯಲು ಇಲಾಖೆಯ ಅನುಮತಿ ಬೇಕು, ಮೊಬೈಲಿಗೆ ತೊಂದರೆ ಇಲ್ಲ.

ಸಂಜೆ ಆರರ ಒಳಗೆ ರಸ್ತೆಗೆ ಬಂದುಬಿಡಿ. ಹಾಸನದ ಬಸ್ಸಿಗೆ ಕಷ್ಟವಿಲ್ಲ, ಆದರೆ ಕತ್ತಲಾದಂತೆ ಬಸ್ಸಿನಿಂದ ಬಸ್ಸಿಗೆ ಅಂತರ ಹೆಚ್ಚಾಗುತ್ತದೆ. ಭಾನುವಾರ ಸಂಜೆ ನಿಂತುಕೊಂಡೇ ಬರಬೇಕಾದೀತು.

ಉಳಿದುಕೊಳ್ಳಲು ಹಾಸನವೇ ಸರಿ. ಬಸ್ ಸ್ಟ್ಯಾಂಡ್ ಮತ್ತು ಬಿ.ಎಂ. ರಸ್ತೆಯ ಆಸುಪಾಸಿನಲ್ಲಿ ಸಾವಿರದಿಂದ ಸಾವಿರದೈನೂರರ ಒಳಗೆ ಇಬ್ಬರಿಗೆ ರೂಮು ಹುಡುಕಬಹುದು. ದುಡ್ಡು ಕೊಡುವ ಮುಂಚೆ ಎರಡು ಕೇಳಿ: ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ, ರೂಮು 24 ಗಂಟೆಯ ಲೆಕ್ಕವೋ ಅಥವಾ ಮಧ್ಯಾಹ್ನ ಹನ್ನೆರಡಕ್ಕೆ ಖಾಲಿ ಮಾಡಬೇಕೋ. ಏಳರ ಬಸ್ಸಿಗೆ ಹೊರಡುವವರಿಗೆ ಎಂಟಕ್ಕೆ ಬರುವ ಬಿಸಿನೀರು ಪ್ರಯೋಜನವಿಲ್ಲ. ಹಿಂದಿನ ರಾತ್ರಿ ತಂಗಿ ಮಾರನೆಯ ಸಂಜೆ ಊರಿಗೆ ಹೊರಡುವವರಿಗೆ 24 ಗಂಟೆಯ ಲಾಡ್ಜ್ ಸಿಕ್ಕರೆ ಒಂದೇ ದಿನದ ಬಾಡಿಗೆಯಲ್ಲಿ ಮುಗಿಯುತ್ತದೆ, ಲಗೇಜೂ ಅಲ್ಲೇ ಇರುತ್ತದೆ. ಬೆಳಗಿನ ಬೆಳಕಿಗಾಗಿಯೇ ಬರುವ ಫೋಟೊಗ್ರಾಫರುಗಳು ಮಾತ್ರ ಬೇಲೂರಿನಲ್ಲಿ ತಂಗುವುದು ಒಳ್ಳೆಯದು.

ಯಾವಾಗ ಬರಬಾರದು ಎಂಬುದನ್ನೂ ಹೇಳಬೇಕು. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ಕೆಲವೇ ದಿನ ತೆರೆಯುತ್ತದೆ. ಆ ದಿನಗಳಲ್ಲಿ ಹಾಸನದಲ್ಲಿ ರೂಮೂ ಇಲ್ಲ, ಬಸ್ಸಿನಲ್ಲಿ ಕಾಲಿಡಲು ಜಾಗವೂ ಇಲ್ಲ. ಅಮ್ಮನ ದರ್ಶನಕ್ಕೆ ಬರುವವರು ಅದೇ ಟ್ರಿಪ್ಪಿಗೆ ಬೇಲೂರನ್ನು ಸೇರಿಸಬೇಡಿ. ಡಿಸೆಂಬರಿನ ಸುತ್ತಮುತ್ತ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಶನಿವಾರ ಭಾನುವಾರ ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹೋಗುವ ಕಾರುಗಳೆಲ್ಲ ಬೇಲೂರಿನಲ್ಲಿ ಒಂದು ಗಂಟೆ ನಿಲ್ಲುತ್ತವೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ, ಹೊರಗಿನಿಂದ ಬರುವವರೂ ಬಹಳ. ಮಂಗಳವಾರದಿಂದ ಗುರುವಾರದವರೆಗೆ ಬಂದರೆ ದೇವಸ್ಥಾನ ನಿಮ್ಮದೇ ಎನ್ನಿಸುತ್ತದೆ. ಮಳೆ ಕಡಿಮೆಯಾಗಿ ಚಳಿ ಶುರುವಾಗುವ ಮುಂಚಿನ ವಾರಗಳು ಬಹಳ ಚೆನ್ನ, ಹಳೇಬೀಡಿನ ಕೆರೆಯಲ್ಲಿ ನೀರು ತುಂಬಿರುತ್ತದೆ, ಕಲ್ಲೂ ಸುಡುವುದಿಲ್ಲ.

ಚಿಕ್ಕಮಗಳೂರಿನವರಿಗೆ ಬೇಲೂರು 25 ಕಿ.ಮೀ. ಅಷ್ಟೇ. ಹಾಸನದ ಬಸ್ಸು ಹತ್ತಿ ಬೇಲೂರಿನಲ್ಲಿ ಇಳಿದರಾಯಿತು. ಹಳೇಬೀಡಿನಿಂದ ವಾಪಸ್ ಬರುವಾಗ ಬೇಲೂರಿನ ಮೇಲೇ ಬರುವ ಬದಲು ಬೆಳವಾಡಿ ನೋಡಿಕೊಂಡು ಬರಬಹುದು. ವೀರನಾರಾಯಣನ ಮೂರು ಗರ್ಭಗುಡಿಯ ದೇವಸ್ಥಾನ ಅಲ್ಲಿದೆ, ಬೇಲೂರು ಹಳೇಬೀಡಿನಲ್ಲಿ ಇಲ್ಲದ ಶಿಖರಗಳನ್ನು ಇಲ್ಲಿ ನೋಡಬಹುದು. ಹಳೇಬೀಡಿನಿಂದ ಬೆಳವಾಡಿಗೆ ಬಸ್ಸು ಕಡಿಮೆ, ಮೂರ್ನಾಲ್ಕು ಜನ ಸೇರಿದರೆ ಆಟೋ ದುಬಾರಿಯಾಗದು. ಬೆಳವಾಡಿಯಲ್ಲಿ ಜಾವಗಲ್ ಕಡೆಯಿಂದ ಬರುವ ಬಸ್ಸು ಹತ್ತಿದರೆ ಚಿಕ್ಕಮಗಳೂರಿಗೆ ಬರುತ್ತದೆ.

ಒಟ್ಟು ಖರ್ಚು ಹೀಗೆ: ಬಸ್ಸಿಗೆ ಇನ್ನೂರರ ಒಳಗೆ, ತಿಂಡಿ, ಊಟ, ಕಾಫಿ ಸೇರಿ ಮುನ್ನೂರು, ಗೈಡಿನ ಪಾಲು, ಚಪ್ಪಲಿ, ಮ್ಯೂಸಿಯಂ, ಎಳನೀರಿಗೆ ಒಂದಿನ್ನೂರು. ರೂಮು ಬಿಟ್ಟು ಒಬ್ಬರಿಗೆ ಏಳುನೂರು ರೂಪಾಯಿ ಹಿಡಿದರೆ ಕೈ ಬಿಗಿಯಾಗುವುದಿಲ್ಲ, ಹೆಣ್ಣುಮಕ್ಕಳಿಗೆ ಐನೂರು.

ಮಂಡಿ ನೋವಿನ ಹಿರಿಯರು, ಕಂಕುಳ ಕೂಸು ಇರುವವರಿಗೆ ಬಸ್ಸು ಬೇಡ. ಮೂರು ಸಲ ಹತ್ತಿ ಇಳಿಯುವುದು, ಮಧ್ಯಾಹ್ನದ ಸ್ಟ್ಯಾಂಡಿನಲ್ಲಿ ಕಾಯುವುದು ಅವರಿಗೆ ಶಿಕ್ಷೆ. ಅಂಥವರು ಕಾರು ಮಾಡಲಿ, ಆದರೆ ಇದೇ ಎರಡು ಊರಿಗೆ ಮಾತ್ರ ಮಾತಾಡಲಿ. ಶ್ರವಣಬೆಳಗೊಳಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗಿ ಅಲ್ಲಿ ಬಸ್ಸು ಬದಲಿಸಬೇಕು. 981ರ ಗೊಮ್ಮಟನ ಮುಂದೆ ನಿಲ್ಲಬೇಕಾದರೆ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಚಪ್ಪಲಿ ಇಲ್ಲದೆ ಹತ್ತಬೇಕು. ಬಂಡೆ ಕಾಯುವ ಮುಂಚೆ, ಎಂಟರ ಒಳಗೆ ಬುಡದಲ್ಲಿರಬೇಕು. ಆ ಹತ್ತಿಯ ಕಾಲುಚೀಲ ಅಲ್ಲಿಗೂ ಬೇಕು.